ಹೂದೋಟದಲ್ಲೇ ಕುಳಿತು ಜಲವರ್ಣದಲ್ಲಿ ಹೂ ಬಿಡಿಸುವ ಬಗೆ

ಫೋಟೋ ನೋಡಿಕೊಂಡು ಮನೆಯಲ್ಲಿ ಹೂಗಳನ್ನು ಚೆನ್ನಾಗಿಯೇ ಬಿಡಿಸುವವರಿಗೂ ತೋಟದಲ್ಲಿ ಕುಳಿತಾಗ ಕೈ ಕಟ್ಟಿದಂತಾಗುತ್ತದೆ. ಹಸಿರೆಲ್ಲ ಒಂದೇ ಬಗೆಯಾಗಿ ಕೃತಕವಾಗಿ ಕಾಣುತ್ತದೆ, ಬಿಳಿ ಹೂ ಕಾಗದದ ಮೇಲೆ ಇದ್ದೂ ಇಲ್ಲದಂತಿರುತ್ತದೆ, ಬಣ್ಣ ಕೆಸರಾಗುತ್ತದೆ, ಅರ್ಧ ಮುಗಿಯುವಷ್ಟರಲ್ಲಿ ನೆರಳು ಸರಿದುಬಿಟ್ಟಿರುತ್ತದೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲೆಂದು ಇದನ್ನು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನ ಲಾಲ್‌ಬಾಗಿನ ಸುತ್ತಮುತ್ತಲಿನವು. ವಿಧಾನ ಮಾತ್ರ ನಿಮ್ಮ ಮನೆಯ ತಾರಸಿಯ ಕುಂಡಗಳಿಗೂ ಹಾಗೆಯೇ ಸಲ್ಲುತ್ತದೆ.

ಈ ದೂರುಗಳಲ್ಲಿ ಬಹುಪಾಲಿಗೆ ಮೂಲ ಒಂದೇ: ನಾವು ಎಸಳಿನಿಂದ ಆರಂಭಿಸುತ್ತೇವೆ. ಬಯಲಿನ ಬೆಳಕಿನಲ್ಲಿ ಹೂವನ್ನು ಎತ್ತಿ ತೋರಿಸುವುದು ಅದರ ಹಿಂದಿರುವ ಎಲೆಗಳ ಕಡುಹಸಿರು. ಆ ಕಡುಹಸಿರನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಹೂವಿನ ಮೇಲೆ ಮಾಡಬೇಕಾದ ಕೆಲಸ ತೀರಾ ಕಡಿಮೆಯಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ಇದನ್ನು ಸಸ್ಯಚಿತ್ರಣದೊಂದಿಗೆ ಬೆರೆಸಿಕೊಳ್ಳಬಾರದು. ಸಸ್ಯಚಿತ್ರಣವೆಂದರೆ ಗಿಡವನ್ನು ಗುರುತಿಸಲು ನೆರವಾಗುವಂತೆ ಎಲೆ, ಕೇಸರ, ಕಾಯಿಗಳನ್ನು ಅಳತೆಗೆ ತಪ್ಪದೆ ಬರೆಯುವ ಕಲೆ. ಲಾಲ್‌ಬಾಗಿಗೂ ಅದಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಜಾನ್ ಕ್ಯಾಮೆರಾನ್ ತೋಟದ ಮೇಲ್ವಿಚಾರಕರಾಗಿದ್ದ ಕಾಲದಲ್ಲಿ, ಚೆಲುವಯ್ಯ ರಾಜು ಅಲ್ಲಿನ ಗಿಡಗಳ ಅಂಥ ಚಿತ್ರಗಳನ್ನು ಬರೆದರು. ಆ ಕೆಲಸಕ್ಕೆ ಕದಲದ ಬೆಳಕು ಬೇಕು, ಕಿತ್ತು ತಂದು ಎದುರಿಗಿಟ್ಟ ಕೊಂಬೆ ಬೇಕು. ನಾವಿಲ್ಲಿ ಮಾಡಹೊರಟಿರುವುದು ಗಿಡ ನಿಂತಲ್ಲೇ ಅದರ ಮೇಲೆ ಬಿದ್ದ ಬೆಳಕನ್ನು ಹಿಡಿಯುವ ಕೆಲಸ. ಹಾಗಾಗಿ ಎಸಳೆಣಿಸುವ ಕರ್ತವ್ಯದಿಂದ ನಿಮಗೆ ಬಿಡುಗಡೆ ಇದೆ.

ಬೇಕಾಗುವ ಸಾಮಗ್ರಿ

ಕಾಗದದ ವಿಷಯದಲ್ಲಿ ಜಿಪುಣತನ ಬೇಡ. 300 ಜಿಎಸ್‌ಎಂನ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ, ಪೂರ್ತಿ ಹತ್ತಿಯಿಂದ ಮಾಡಿದ ಕೋಲ್ಡ್ ಪ್ರೆಸ್ಡ್ ಕಾಗದವನ್ನು ಕೊಳ್ಳಿ. ಕೋಲ್ಡ್ ಪ್ರೆಸ್ಡ್ ಎಂದರೆ ಮೈ ತುಸು ತರಿತರಿಯಾಗಿರುವ ಕಾಗದ. ತೆಳುವಾದದ್ದು ನೀರು ಬಿದ್ದೊಡನೆ ಉಬ್ಬಿ ಏರುತಗ್ಗಾಗುತ್ತದೆ, ಬಣ್ಣವೆಲ್ಲ ತಗ್ಗಿಗೆ ಇಳಿದು ನಿಲ್ಲುತ್ತದೆ. ಬೆಲೆ ಹೆಚ್ಚೆನಿಸಿದರೆ ಎ4 ಹಾಳೆಯನ್ನು ಎರಡು ಮಾಡಿಕೊಳ್ಳಿ. ಹೊರಗೆ ಕುಳಿತು ಮುಗಿಸಲು ಅರ್ಧ ಹಾಳೆಯೇ ಸರಿಯಾದ ಅಳತೆ.

ಬಣ್ಣ ಆರು ಸಾಕು: ನಿಂಬೆ ಹಳದಿ, ಬೆಚ್ಚನೆಯ ಹಳದಿ, ಕ್ವಿನಾಕ್ರಿಡೋನ್ ರೋಸ್, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ ಮತ್ತು ಬರ್ಂಟ್ ಸಿಯೆನಾ. ಕೊಳ್ಳುವಾಗ ಟ್ಯೂಬಿನ ಮೇಲಿನ ಆಕರ್ಷಕ ಹೆಸರನ್ನು ಬಿಟ್ಟು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತವನ್ನು ಓದಿ. ಹೂ ಬಿಡಿಸುವವರಿಗೆ ಇದು ಮುಖ್ಯ, ಏಕೆಂದರೆ ಗುಲಾಬಿ ಮತ್ತು ಕೆಂಪು ಬಣ್ಣಗಳಲ್ಲೇ ಬೇಗ ಮಾಸುವಂಥವು ಹೆಚ್ಚು. ಕಣ್ಣು ಕೋರೈಸುವ ಒಪೆರಾ ರೋಸ್‌ನಲ್ಲಿ ಬೆರೆಸಿರುವ ಫ್ಲೋರೊಸೆಂಟ್ ಅಂಶ ಬೆಳಕಿಗೆ ತಾಳುವುದಿಲ್ಲ. ಪಿಆರ್ 83 ಎಂಬ ಸಂಕೇತದ ಅಲಿಝರಿನ್ ಕ್ರಿಮ್ಸನ್ ಕೂಡ ಗೋಡೆಯ ಮೇಲೆ ನೇತುಹಾಕಿದರೆ ಬಿಳಿಚಿಕೊಳ್ಳುತ್ತದೆ. ಪಿವಿ 19 ಅಥವಾ ಪಿಆರ್ 122 ಎಂದು ನಮೂದಿಸಿರುವ ಗುಲಾಬಿಗಳು ಬಾಳಿಕೆ ಬರುತ್ತವೆ. ರೆಡಿಮೇಡ್ ಹಸಿರನ್ನು ನಾನು ಬೇಕೆಂದೇ ಪಟ್ಟಿಯಲ್ಲಿ ಸೇರಿಸಿಲ್ಲ. ಕಾರಣ ಐದನೆಯ ಹಂತದಲ್ಲಿದೆ.

ಕುಂಚಗಳು ಮೂರು: 10ನೇ ನಂಬರಿನ ಮತ್ತು 6ನೇ ನಂಬರಿನ ರೌಂಡ್ ಬ್ರಶ್‌ಗಳು, ಕಡ್ಡಿ ಬಳ್ಳಿಗಳಿಗೆ ಒಂದು ರಿಗ್ಗರ್, ಅಂದರೆ ಉದ್ದ ಕೂದಲಿನ ಸಪೂರ ಕುಂಚ. ನೀರಿಗೆ ಎರಡು ಡಬ್ಬಿ ಇರಲಿ, ಒಂದು ತೊಳೆಯಲು, ಇನ್ನೊಂದು ಚೊಕ್ಕ ನೀರಿಗೆ. ಹಳೆಯ ಹತ್ತಿ ಬಟ್ಟೆ, 2ಬಿ ಪೆನ್ಸಿಲ್, ಮೆತ್ತನೆಯ ರಬ್ಬರ್, ಕಾಗದವನ್ನು ಕ್ಲಿಪ್ಪಿನಿಂದ ಹಿಡಿಸಲು ಹಲಗೆ, ಮಡಚುವ ಸ್ಟೂಲು, ಅಗಲ ಅಂಚಿನ ಟೋಪಿ, ಕುಡಿಯುವ ನೀರು ಮತ್ತು ಸೊಳ್ಳೆಗೆ ಹಚ್ಚುವ ಮುಲಾಮು. ಉಡುಪು ಬೂದಿ ಅಥವಾ ಮಾಸಲು ಬಣ್ಣದ್ದಾಗಿರಲಿ. ಕಡುಕೆಂಪು ಅಂಗಿ ತೊಟ್ಟು ಕುಳಿತರೆ ಅದರ ಛಾಯೆ ಬಿಳಿ ಕಾಗದದ ಮೇಲೆ ಬಿದ್ದು ಬಣ್ಣದ ಅಂದಾಜು ತಪ್ಪುತ್ತದೆ. ಬಣ್ಣದ ಕೊಡೆಯದೂ ಇದೇ ಕಥೆ. ತಂಪು ಕನ್ನಡಕವನ್ನು ಚೀಲದಲ್ಲೇ ಇಡಿ.

1. ಋತು ನೋಡಿ ಹೂವನ್ನು ಆರಿಸಿಕೊಳ್ಳಿ

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರ ಹೆಸರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆಯ್ದು ನೆಡುವ ಯೋಜನೆಯೊಂದಿಗೆ ಬೆಸೆದುಕೊಂಡಿದೆ. ಅದರ ಫಲ ಇಂದಿಗೂ ಚಿತ್ರಕಾರರಿಗೆ ಸಿಗುತ್ತಿದೆ. ಚಳಿಗಾಲದಲ್ಲಿ ಗುಲಾಬಿ ಟಬೂಬಿಯಾ, ಫೆಬ್ರುವರಿ–ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ ಮತ್ತು ನೇರಳೆಯ ಜಕರಂಡ, ಏಪ್ರಿಲ್–ಮೇನಲ್ಲಿ ಕಕ್ಕೆ ಮತ್ತು ಗುಲ್‌ಮೊಹರ್. ಎಲೆ ಉದುರಿ ಬರೀ ಹೂ ತುಂಬಿ ನಿಂತ ಮರ ನೋಡಲು ಎಷ್ಟೇ ಚೆಂದವಿದ್ದರೂ ಹೊಸಬರಿಗೆ ಕಷ್ಟದ ವಸ್ತು, ಏಕೆಂದರೆ ಅಲ್ಲಿ ಹೂವಿನ ಹಿಂದೆ ಕಡುಹಸಿರು ಇರುವುದಿಲ್ಲ. ಇರುವುದು ಬೆಳಗುವ ಆಕಾಶ.

ಆರಂಭಕ್ಕೆ ನನ್ನ ಆಯ್ಕೆ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ಅದು ಬಿಸಿಲಿಗೆ ಬಾಡುವುದಿಲ್ಲ, ಗಾಳಿಗೆ ಗೊಂಚಲಿನ ಆಕಾರ ಕೆಡುವುದಿಲ್ಲ, ವರ್ಷದ ಹೆಚ್ಚಿನ ದಿನ ಸಿಗುತ್ತದೆ. ಹತ್ತಿರ ಹೋಗಿ ನೋಡಿದರೆ ನಾವು ಎಸಳೆಂದುಕೊಂಡ ಮೂರೂ ಬಣ್ಣ ತಳೆದ ಎಲೆಗಳು. ನಿಜವಾದ ಹೂ ಆ ಒಂದೊಂದರ ನಡುನರಕ್ಕೆ ಅಂಟಿಕೊಂಡಿರುವ ಕೆನೆಬಣ್ಣದ ಪುಟ್ಟ ಕೊಳವೆ. ಬಿಸಿಲು ಹಿಂದಿನಿಂದ ಹಾಯ್ದ ಕಡೆ ಆ ಬಣ್ಣದೆಲೆ ಕಿತ್ತಳೆ ಬೆರೆತ ಗುಲಾಬಿಯಾಗಿ ಹೊಳೆಯುತ್ತದೆ, ನೆರಳಿನಲ್ಲಿರುವುದು ನೇರಳೆಗೆ ತಿರುಗುತ್ತದೆ. ಹೊರಗಿನ ಬೆಳಕು ಒಂದೇ ಬಣ್ಣವನ್ನು ಹೇಗೆ ಎರಡು ಮಾಡುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಹೂವಿಲ್ಲ.

ಉಳಿದವುಗಳಿಗೆ ಅವುಗಳದೇ ವೇಳಾಪಟ್ಟಿ ಇದೆ. ತಾವರೆ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳತೊಡಗುತ್ತದೆ. ಸಂಜೆ ಮಲ್ಲಿಗೆ ಬಿಸಿಲು ಇಳಿದ ಮೇಲಷ್ಟೇ ತೆರೆಯುತ್ತದೆ. ದಾಸವಾಳದ ಆಯುಸ್ಸು ಸಾಮಾನ್ಯವಾಗಿ ಒಂದೇ ದಿನ, ಹಾಗಾಗಿ ನಾಳೆ ಬಂದು ಮುಗಿಸುತ್ತೇನೆ ಎನ್ನುವಂತಿಲ್ಲ.

ಎಚ್ಚರಿಕೆ: ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗಿನ ಗಾಜಿನಮನೆಯ ಬಳಿ ಕುಳಿತು ಬಿಡಿಸುವ ಆಸೆ ಬೇಡ, ಜನಸಂದಣಿಯಲ್ಲಿ ಸ್ಟೂಲು ಹಾಕಲೂ ಜಾಗವಿರುವುದಿಲ್ಲ. ಸಾರ್ವಜನಿಕ ತೋಟಗಳಲ್ಲಿ ಈಸೆಲ್, ಅಂದರೆ ಮೂರು ಕಾಲಿನ ಚಿತ್ರಪೀಠ, ನಿಲ್ಲಿಸುವುದಾದರೆ ಮೊದಲೇ ಸಿಬ್ಬಂದಿಯ ಒಪ್ಪಿಗೆ ಪಡೆಯಿರಿ. ಮಳೆಗಾಲದಲ್ಲಿ ಗುಂಡ್ಲುಪೇಟೆ ಕಡೆಯ ಚೆಂಡುಹೂ, ಸೂರ್ಯಕಾಂತಿ ಹೊಲಗಳಿಗೆ ಹೋಗುವವರು ಹೊಲದ ಯಜಮಾನರನ್ನು ಕೇಳದೆ ಬದು ದಾಟಬಾರದು, ಸಾಲಿನೊಳಗೆ ಕಾಲಿಡಲೇಬಾರದು. ಅದು ಅವರ ಬೆಳೆ.

2. ಹೊತ್ತು ಮತ್ತು ದಿಕ್ಕನ್ನು ನಿಶ್ಚಯಿಸಿ

ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಾನೆ, ಎರಡು ಗಂಟೆ ಕುಳಿತರೆ 30 ಡಿಗ್ರಿ. ಅಷ್ಟರಲ್ಲಿ ಪೊದೆಯ ಬೆಳಗಿದ ಮುಖವೇ ಬದಲಾಗಿರುತ್ತದೆ. ಫ್ರಾನ್ಸಿನ ಜಿವರ್ನಿಯಲ್ಲಿ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೂ ನೆಲೆಸಿ, ತಾನೇ ಬೆಳೆಸಿದ ತೋಟವನ್ನು ಬಿಡಿಸಿದ ಕ್ಲಾದ್ ಮೋನೆ ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದರು. ಒಂದೊಂದು ಹೊತ್ತಿಗೆ ಒಂದೊಂದು. ನಮಗೆ ಅಷ್ಟು ಸಲಕರಣೆ ಬೇಕಿಲ್ಲ, ಆದರೆ ಒಂದು ಹಾಳೆಗೆ ಒಂದೇ ಬೆಳಕು ಎಂಬ ನಿಯಮವನ್ನು ಪಾಲಿಸಲೇಬೇಕು.

ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ಒಳ್ಳೆಯ ಸಮಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಆಗ ನೆರಳೆಲ್ಲ ಹೂವಿನಡಿಗೆ ಸೇರಿ, ಮೇಲ್ಮುಖ ಪೂರ್ತಿ ಬಿಳಿಚಿ, ಉಬ್ಬು ತಗ್ಗು ತಿಳಿಯದಂತಾಗುತ್ತದೆ.

ನೀವು ಮತ್ತು ಕಾಗದ ನೆರಳಿನಲ್ಲಿರಬೇಕು, ಹೂ ಬಿಸಿಲಿನಲ್ಲಿರಬೇಕು. ಬಿಸಿಲು ನೇರವಾಗಿ ಕಾಗದದ ಮೇಲೆ ಬಿದ್ದರೆ ಅದರ ಹೊಳಪಿಗೆ ಕಣ್ಣು ಕುಗ್ಗಿ ಬಣ್ಣದ ಗಾಢತೆಯ ಅಂದಾಜು ಕೆಡುತ್ತದೆ. ಮನೆಗೆ ಬಂದು ನೋಡಿದಾಗ ಚಿತ್ರ ನೀವು ಅಲ್ಲಿ ಕಂಡ ಚಿತ್ರವಾಗಿರುವುದಿಲ್ಲ. ಬೆಳಕು ಒಂದು ಪಕ್ಕದಿಂದ ಬರುವಂತೆ ಕುಳಿತರೆ ಪೊದೆಗೆ ದುಂಡುತನ ಬರುತ್ತದೆ. ಬಲಿತ ಸೂರ್ಯಕಾಂತಿಗಳು ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತವಾದ್ದರಿಂದ ಬೆಳಗಿನ ಹೊತ್ತು ಹೊಲದ ಪೂರ್ವದ ಬದುವಿನಲ್ಲಿ ಕೂರಬೇಕು, ಇಲ್ಲವಾದರೆ ಕಾಣುವುದು ಹೂಗಳ ಬೆನ್ನು ಮಾತ್ರ.

ಕೂರುವ ಮುನ್ನ ನೆಲವನ್ನೂ ತಲೆಯ ಮೇಲಿನ ಕೊಂಬೆಯನ್ನೂ ಪರೀಕ್ಷಿಸಿ. ಮಾವಿನ ಮರದಡಿ ಚಗಳಿ ಇರುವೆಯ ಗೂಡಿದ್ದರೆ ಹತ್ತು ನಿಮಿಷವೂ ಕೂರಲಾಗುವುದಿಲ್ಲ.

3. ಅಂಗೈಯಗಲದ ಮೂರು ಕರಡು

ನೇರವಾಗಿ ಒಳ್ಳೆಯ ಕಾಗದಕ್ಕೆ ಕೈ ಹಾಕಬೇಡಿ. ಸಾಧಾರಣ ನೋಟ್‌ಪುಸ್ತಕದಲ್ಲಿ ಚಿಕ್ಕ ಚೌಕ ಹಾಕಿ, ಕಣ್ಣನ್ನು ಅರೆಮುಚ್ಚಿ ದೃಶ್ಯವನ್ನು ನೋಡಿ. ಅರೆಗಣ್ಣಿಗೆ ಎಸಳು, ಎಲೆ, ಕಾಂಡ ಮರೆಯಾಗಿ ಬೆಳಕು, ನಡು ಛಾಯೆ, ಕಪ್ಪು ಎಂಬ ಮೂರೇ ಪಟ್ಟಿಗಳು ಉಳಿಯುತ್ತವೆ. ಈ ಮೂರನ್ನು ಪೆನ್ಸಿಲಿನಲ್ಲಿ ತುಂಬಿ. ಇದಕ್ಕೆ ಟೋನ್ ಸ್ಕೆಚ್ ಅಥವಾ ಛಾಯಾ ಕರಡು ಎನ್ನುತ್ತಾರೆ. ಎರಡು ಮೂರು ನಿಮಿಷದ ಈ ಕೆಲಸವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಅದಕ್ಕೇ ಚಿತ್ರದ ತುಂಬ ಹೂ ಹರಡಿದ್ದರೂ ನೋಡುವವರ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಇಡೀ ತೋಟವನ್ನು ತುಂಬಿಸುವ ಆಸೆಯನ್ನು ಇಲ್ಲೇ ಕೈಬಿಡಿ. ಒಂದು ಗೊಂಚಲು ಮುಖ್ಯವಾಗಲಿ, ಉಳಿದದ್ದು ಅದರ ಸುತ್ತ ಅಸ್ಪಷ್ಟವಾಗಿರಲಿ. ಕಾಲುದಾರಿ, ಕಲ್ಲಿನ ಮೆಟ್ಟಿಲು, ಕುಂಡದ ಅಂಚು ಇಂಥ ಯಾವುದಾದರೊಂದು ಗಟ್ಟಿ ಆಕಾರ ಚೌಕದೊಳಗೆ ಬಂದರೆ ಹೂವಿನ ಮೃದುತ್ವಕ್ಕೆ ಆಧಾರ ಸಿಗುತ್ತದೆ. ಮೂರು ಕರಡುಗಳಲ್ಲಿ ಒಂದನ್ನು ಆರಿಸಿ, ನೆರಳು ಬಿದ್ದ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಿಟ್ಟುಕೊಳ್ಳಿ. ಬೆಳಕು ಆಮೇಲೆ ಎಷ್ಟೇ ಬದಲಾದರೂ ನೀವು ನಂಬಬೇಕಾದದ್ದು ಆ ಬಾಣವನ್ನು.

ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬಹುದು, ಆದರೆ ಆಕಾರಗಳ ನೆನಪಿಗೆ ಮಾತ್ರ. ಬಿಸಿಲಿನಲ್ಲಿರುವ ಕಡುಕೆಂಪು ಹೂವನ್ನು ಕ್ಯಾಮೆರಾ ಹೆಚ್ಚಾಗಿ ಒಂದೇ ಕೆಂಪು ತೇಪೆ ಮಾಡಿಬಿಡುತ್ತದೆ. ಎಸಳಿನ ಮೇಲಿನ ಏರಿಳಿತ ಅದರಲ್ಲಿ ಉಳಿಯುವುದಿಲ್ಲ.

4. ಹಗುರ ಗೆರೆ, ಮೊದಲ ವಾಶ್

ಗೊಂಚಲಿನ ಹೊರ ಆಕಾರವನ್ನಷ್ಟೇ ಹಗುರವಾಗಿ ಗುರುತಿಸಿ. ಮುಂದಿರುವ ಎರಡು ಮೂರು ಹೂಗಳಿಗೆ ನಡುಬಿಂದು ಮತ್ತು ವಾಲಿದ ದಿಕ್ಕು ಸಾಕು. ನಮಗೆ ಎದುರಾಗಿ ನಿಂತ ಹೂ ಮಾತ್ರ ವೃತ್ತವಾಗಿ ಕಾಣುತ್ತದೆ, ಉಳಿದೆಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಚಪ್ಪಟೆಯಾದ ಅಂಡಾಕಾರಗಳು. ಎಲ್ಲ ಹೂಗಳನ್ನೂ ದುಂಡಗೆ ಬರೆಯುವುದು ಈ ಹಂತದ ಸಾಮಾನ್ಯ ತಪ್ಪು.

ಆಮೇಲೆ ವಾಶ್. ವಾಶ್ ಎಂದರೆ ಧಾರಾಳ ನೀರಿನಲ್ಲಿ ತೆಳುವಾಗಿ ಹರಡುವ ಬಣ್ಣದ ಪದರ. ಅತಿ ಬೆಳಕಿನ ಜಾಗಗಳನ್ನು ಕಾಗದದ ಬಿಳಿಯಾಗಿಯೇ ಬಿಟ್ಟು, ಹೂವಿರುವಲ್ಲಿ ತಿಳಿ ಗುಲಾಬಿ, ಎಲೆಯಿರುವಲ್ಲಿ ತಿಳಿ ಹಳದಿಹಸಿರು, ಹಿನ್ನೆಲೆಗೆ ನಸುನೀಲಿಯನ್ನು ಒಂದಕ್ಕೊಂದು ತಾಗಿ ಬೆರೆಯುವಂತೆ ಹಾಕಿ. ಜಲವರ್ಣ ಒಣಗಿದ ಮೇಲೆ ಕಂಡದ್ದಕ್ಕಿಂತ ತಿಳಿಯಾಗುತ್ತದೆ, ಆದ್ದರಿಂದ ಹಸಿಯಾಗಿದ್ದಾಗ ತುಸು ಗಾಢವೆನಿಸಿದರೆ ಅಂಜಬೇಕಿಲ್ಲ.

ಈಗ ಕೈಯನ್ನು ತಡೆದು ಕಾಯಬೇಕು. ಅರೆ ಒಣಗಿದ ವಾಶಿನ ಮೇಲೆ ಹೆಚ್ಚು ನೀರಿನ ಕುಂಚ ತಾಗಿದರೆ ಹೊಸ ನೀರು ಹಳೆಯ ಬಣ್ಣವನ್ನು ದೂಡಿಕೊಂಡು ಹೋಗಿ ಹೂಕೋಸಿನ ಅಂಚಿನಂತಹ ಕಲೆಯಾಗುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ವಾಶ್ ನೋಡನೋಡುತ್ತಲೇ ಆರಿಬಿಡುತ್ತದೆ, ಆಷಾಢದ ಮೋಡದಲ್ಲಿ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ಕಾಗದದ ಹೊಳಪು ಹೋಗಿದೆಯೇ ಎಂದು ಓರೆಯಿಂದ ನೋಡಿ, ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಆರಿಲ್ಲ.

ಬಿಳಿಯನ್ನು ಉಳಿಸಲು ಮಾಸ್ಕಿಂಗ್ ಫ್ಲೂಯಿಡ್, ಅಂದರೆ ಹಚ್ಚಿ ಆಮೇಲೆ ಕಿತ್ತು ತೆಗೆಯುವ ರಬ್ಬರ್ ದ್ರವ, ಬಳಸುವವರು ಹಾಳೆಯನ್ನು ಬಿಸಿಲಿನಲ್ಲಿ ಒಣಗಲು ಇಡಬಾರದು. ಶಾಖಕ್ಕೆ ಅದು ಕಾಗದಕ್ಕೆ ಕಚ್ಚಿಕೊಂಡು, ಕೀಳುವಾಗ ಮೇಲ್ಪದರವನ್ನೇ ಎಬ್ಬಿಸುತ್ತದೆ.

5. ಮೂರು ಹಸಿರುಗಳನ್ನು ಬೇರೆ ಮಾಡಿ

ತೋಟದ ಚಿತ್ರದ ಗೆಲುವು ಸೋಲು ನಿರ್ಧಾರವಾಗುವುದು ಇಲ್ಲಿ. ರೆಡಿಮೇಡ್ ಹಸಿರನ್ನು ಟ್ಯೂಬಿನಿಂದ ನೇರವಾಗಿ ಬಳಸಿದಾಗ ಎಲ್ಲ ಎಲೆಗಳೂ ಒಂದೇ ಬೆಳಕಿನಲ್ಲಿರುವಂತೆ ಕಾಣುತ್ತವೆ. ಒಂದೇ ದಾಸವಾಳದ ಗಿಡವನ್ನು ತಾಳ್ಮೆಯಿಂದ ನೋಡಿ. ಅದರಲ್ಲಿ ಕಡಿಮೆಯೆಂದರೆ ಮೂರು ಹಸಿರುಗಳಿವೆ.

ಮೊದಲನೆಯದು ಆಕಾಶಕ್ಕೆ ಮುಖ ಮಾಡಿದ ಎಲೆಯ ಹಸಿರು. ನುಣುಪಾದ ಎಲೆ ಆಕಾಶವನ್ನು ಪ್ರತಿಫಲಿಸುವುದರಿಂದ ಅದು ಬೂದುನೀಲಿಯಾಗಿ, ಕೆಲವೆಡೆ ಹೆಚ್ಚುಕಡಿಮೆ ಬಿಳಿಯಾಗಿ ಕಾಣುತ್ತದೆ. ಎಲೆ ಹಸಿರೆಂದು ಮನಸ್ಸು ಹಟ ಹಿಡಿಯುತ್ತದೆ, ಕಣ್ಣು ಹೇಳಿದ್ದನ್ನೇ ನಂಬಿ. ಇದಕ್ಕೆ ನೀರಾಗಿಸಿದ ಅಲ್ಟ್ರಾಮರೀನ್‌ಗೆ ಹಸಿರಿನ ಸುಳಿವಷ್ಟೇ ಸೇರಿಸಿ. ಎರಡನೆಯದು ಹಿಂದಿನಿಂದ ಬಿಸಿಲು ತೂರಿಬಂದ ಎಲೆಯ ಹಸಿರು. ಇದು ಗಿಡದಲ್ಲೆಲ್ಲ ಅತ್ಯಂತ ಬೆಚ್ಚನೆಯದು, ನಿಂಬೆ ಹಳದಿಗೆ ತೊಟ್ಟು ಥ್ಯಾಲೋ ನೀಲಿ ಸೇರಿಸಿದರೆ ಸಿಗುತ್ತದೆ. ಥ್ಯಾಲೋ ಬಹಳ ಪ್ರಬಲ, ಕುಂಚದ ತುದಿಗೆ ತಾಗಿದಷ್ಟೇ ಸಾಕು. ಮೂರನೆಯದು ಪೊದೆಯೊಳಗಿನ ಕಡುಹಸಿರು: ಬೆಚ್ಚನೆಯ ಹಳದಿ, ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ದಟ್ಟವಾಗಿ ಬೆರೆತದ್ದು. ಕಪ್ಪು ಬಣ್ಣವನ್ನು ಸೇರಿಸಬೇಡಿ, ನೆರಳು ಸತ್ತುಹೋಗುತ್ತದೆ.

ಹಸಿರು ಇನ್ನೂ ಕೃತಕವೆನಿಸಿದರೆ ನೀವು ಹೂವಿಗೆ ಬಳಸುತ್ತಿರುವ ಗುಲಾಬಿಯನ್ನೇ ಒಂದು ಹನಿ ಬೆರೆಸಿ. ಹಸಿರಿಗೆ ಕೆಂಪು ವಿರುದ್ಧ ವರ್ಣವಾದ್ದರಿಂದ ಅದರ ಅಬ್ಬರ ತಗ್ಗುತ್ತದೆ, ಹೂವಿಗೂ ಎಲೆಗೂ ಒಂದು ಸಂಬಂಧವೂ ಏರ್ಪಡುತ್ತದೆ. ಇದೇ ಗುಣ ಪ್ರಮಾಣ ಮೀರಿದಾಗ ಕೆಸರಿಗೆ ಕಾರಣ. ಒಂದು ಮಿಶ್ರಣದಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಬೇಡ, ಕಾಗದದ ಮೇಲೆ ಇಟ್ಟ ಬಣ್ಣವನ್ನು ಮತ್ತೆ ಮತ್ತೆ ತಿಕ್ಕುವುದಂತೂ ಬೇಡವೇ ಬೇಡ.

6. ಕಡುಹಸಿರಿನಿಂದ ಹೂವನ್ನು ಕಡೆದು ತೆಗೆಯಿರಿ

ಮೊದಲ ವಾಶ್ ಪೂರ್ತಿ ಆರಿದ ಮೇಲೆ ಮೂರನೆಯ ಹಸಿರನ್ನು ದಟ್ಟವಾಗಿ ತೆಗೆದುಕೊಂಡು, ಹೂವಿನ ಹೊರ ಅಂಚಿನ ಗುಂಟ ಹಿಂದಿನ ಕತ್ತಲನ್ನು ತುಂಬಿ. ಕಲಾವಿದರು ಇದನ್ನು ನೆಗೆಟಿವ್ ಪೇಂಟಿಂಗ್ ಎನ್ನುತ್ತಾರೆ: ವಸ್ತುವನ್ನು ಮುಟ್ಟದೆ ಅದರ ಸುತ್ತಲನ್ನು ಬಿಡಿಸಿ ವಸ್ತುವನ್ನು ಹೊರತರುವ ಕ್ರಮ. ಬಿಳಿ ಕಣಗಿಲೆಯನ್ನೋ ದೇವಗಣಗಿಲೆಯನ್ನೋ ಪಾರದರ್ಶಕ ಜಲವರ್ಣದಲ್ಲಿ ತೋರಿಸಲು ಇದೊಂದೇ ನೇರ ದಾರಿ. ಹೂ ಎಂಬುದು ಅಲ್ಲಿ ಉಳಿಸಿಕೊಂಡ ಕಾಗದ.

ಹೂವಿನ ಸುತ್ತ ಒಂದೇ ದಪ್ಪದ ಕಪ್ಪು ಬಳೆ ಎಳೆಯಬೇಡಿ. ಬೆಳಕು ಬಿದ್ದ ಪಕ್ಕದಲ್ಲಿ ಅಂಚು ಚೂಪಾಗಿರಲಿ, ನೆರಳಿನ ಪಕ್ಕದಲ್ಲಿ ಒದ್ದೆ ಕುಂಚ ಸವರಿ ಹೂವೂ ಎಲೆಯೂ ಒಂದರೊಳಗೊಂದು ಕರಗುವಂತೆ ಮಾಡಿ. ಎಲ್ಲಿ ಕರಗಿಸಬೇಕೆಂದು ತಿಳಿಯದಿದ್ದರೆ ಮತ್ತೆ ಅರೆಗಣ್ಣಿನಿಂದ ನೋಡಿ. ಯಾವ ಅಂಚು ಮಾಯವಾಗುತ್ತದೋ ಅದನ್ನು ಕಾಗದದಲ್ಲೂ ಮಾಯವಾಗಿಸಿ.

7. ಎಸಳಿಗೆ ಕೊನೆಯ ಕೆಲವೇ ಗೆರೆಗಳು

ಈಗ ಮುಂದಿನ ಎರಡು ಮೂರು ಹೂಗಳ ಹತ್ತಿರ ಬನ್ನಿ. ದೇವಗಣಗಿಲೆಯ ಐದು ಎಸಳುಗಳಲ್ಲಿ ಪ್ರತಿಯೊಂದರ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಮತ್ತೊಂದರ ಕೆಳಗೆ ಇರುತ್ತದೆ. ಇಡೀ ಹೂ ಒಂದೇ ದಿಕ್ಕಿಗೆ ತಿರುಚಿದಂತಿರುತ್ತದೆ. ಆ ಮೇಲುಕೆಳಗಿನ ಸಂದಿನಲ್ಲಿ ಬೀಳುವ ತೆಳು ನೆರಳನ್ನು ಐದು ಸಣ್ಣ ಎಳೆತಗಳಲ್ಲಿ ಹಾಕಿದರೆ ಹೂವಿನ ರಚನೆ ಪೂರ್ಣವಾಗುತ್ತದೆ. ಬಿಳಿ ಎಸಳಿನ ನೆರಳಿಗೆ ಬೂದು ಬಣ್ಣ ಕಲಸಬೇಡಿ. ಮೇಲಿನಿಂದ ಆಕಾಶದ ನೀಲಿ, ಕೆಳಗಿನಿಂದ ಎಲೆಯ ಹಸಿರು, ನಡುವಿನಿಂದ ಹಳದಿ ಅದರ ಮೇಲೆ ಬೀಳುತ್ತಿರುತ್ತವೆ. ಮೂರನ್ನೂ ಬಹಳ ತೆಳುವಾಗಿ, ಬೇರೆ ಬೇರೆ ಜಾಗದಲ್ಲಿ ಇಡಿ. ಹಿಂದಿನ ಸಾಲಿನ ಹೂಗಳನ್ನು ಈ ಹಂತದಲ್ಲಿ ಮುಟ್ಟಲೇಬೇಡಿ.

8. ಏಳುವುದು, ಮನೆಗೆ ತರುವುದು

ನಿಮ್ಮ ಬಾಣದ ಗುರುತಿಗೂ ಎದುರಿನ ನೆರಳಿಗೂ ಹೊಂದಿಕೆ ತಪ್ಪಿತೆಂದರೆ ಕುಂಚ ಕೆಳಗಿಡಿ. ಬಣ್ಣ ತೊಳೆದ ನೀರನ್ನು ಗಿಡದ ಬುಡಕ್ಕಾಗಲಿ ಕೊಳಕ್ಕಾಗಲಿ ಸುರಿಯಬಾರದು. ಕೆಲವು ವರ್ಣದ್ರವ್ಯಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳಿರುತ್ತವೆ. ಮುಚ್ಚಳವಿರುವ ಬಾಟಲಿಯಲ್ಲಿ ವಾಪಸು ತನ್ನಿ. ಚಿತ್ರಕ್ಕಾಗಿ ತೋಟದ ಹೂ ಕೀಳುವುದೂ ಬೇಡ, ನೆಲಕ್ಕೆ ಉದುರಿದ್ದರಲ್ಲೇ ಅಧ್ಯಯನಕ್ಕೆ ಬೇಕಾದಷ್ಟು ಸಿಗುತ್ತದೆ.

ಹಾಳೆಯ ಹಿಂದೆ ಗಿಡದ ಹೆಸರು, ಜಾಗ, ದಿನಾಂಕ, ಹೊತ್ತು, ಬಳಸಿದ ಬಣ್ಣಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಮರ ಯಾವಾಗ ಹೂಬಿಡಬಹುದೆಂದು ಅಂದಾಜಿಸಲು ಇದು ನೆರವಾಗುತ್ತದೆ. ಮನೆಯಲ್ಲಿ ತಿದ್ದುವುದಿದ್ದರೆ ಮರುದಿನ ಹೊಸ ಕಣ್ಣಿನಿಂದ ನೋಡಿ, ಕಡುಹಸಿರು ಸಾಲದಿದ್ದಲ್ಲಿ ಮಾತ್ರ ಸೇರಿಸಿ. ಹೂವಿನ ಮೇಲೆ ಹೊಸ ವಿವರ ತುಂಬಲು ಹೋಗಬೇಡಿ.

ಕರಾವಳಿ, ಮಲೆನಾಡಿನ ಓದುಗರಿಗೆ ಇನ್ನೊಂದು ಸೂಚನೆ. ಕಾಗದ ನೀರನ್ನು ಒಮ್ಮೆಗೇ ಹೀರದಿರಲೆಂದು ಅದಕ್ಕೆ ಹಾಕಿರುವ ಅಂಟಿಗೆ ಸೈಜಿಂಗ್ ಎನ್ನುತ್ತಾರೆ. ಮಳೆಗಾಲದ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿದರೆ ಕಣ್ಣಿಗೆ ಕಾಣದ ಚುಕ್ಕೆಗಳಲ್ಲಿ ವಾಶ್ ಕಪ್ಪಾಗಿ ಇಳಿದುಬಿಡುತ್ತದೆ, ಆಮೇಲೆ ಏನು ಮಾಡಿದರೂ ಅದು ಹೋಗುವುದಿಲ್ಲ. ಬಳಸದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಿ, ಮತ್ತು ಒಂದು ಮಳೆಗಾಲಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಕಾಗದವನ್ನು ಒಮ್ಮೆಗೇ ಕೊಂಡು ಕೂಡಿಡಬೇಡಿ.